ಕೂತ ಕೆಲಸ, ಹೊತ್ತ ಕೆಲಸ

ನಮ್ಮೂರಲ್ಲಿ ಹೆಣ್ಣು ಕೇಳಲು ಹೋದವರಿಗೆ ಕಾಲು ತೊಳೆಯಲು ನೀರು ಕೊಟ್ಟ ಮೇಲೆ ಕೇಳುವ ಮೊದಲ ಪ್ರಶ್ನೆ ಕುಲದ್ದೂ ಅಲ್ಲ, ಹೊಲದ್ದೂ ಅಲ್ಲ. ಹುಡುಗನದು ಕೂತ ಕೆಲಸವೋ ಹೊತ್ತ ಕೆಲಸವೋ ಎಂದು ಕೇಳುತ್ತಾರೆ. ಕೂತ ಕೆಲಸ ಎಂದರೆ ಒಳಗಿನಿಂದ ಪಾಯಸ ಬರುತ್ತದೆ, ಹೊತ್ತ ಕೆಲಸ ಎಂದರೆ ಮಜ್ಜಿಗೆ. ನನಗೆ ಆರು ಮನೆಯಲ್ಲಿ ಮಜ್ಜಿಗೆ ಕೊಟ್ಟು ಕಳಿಸಿದ್ದರು. ಅವರದೇನೂ ತಪ್ಪಿಲ್ಲ ಬಿಡಿ. ದುಡಿದವನ ಮೈನೋವು ನಮ್ಮೂರಲ್ಲಿ ದುಡಿದವನ ಹತ್ತಿರ ನಿಲ್ಲುವುದಿಲ್ಲ. ಅವನ ಒಲೆಯ ಅನ್ನ ಉಣ್ಣುವವರಲ್ಲಿ ಒಬ್ಬರ ಮೈಗೆ ಹೋಗಿ ಸೇರುತ್ತದೆ. ಮದುವೆಗೆ ಮುಂಚೆ ತಾಯಿಗೆ, ಮದುವೆಯಾದ ಮೇಲೆ ಹೆಂಡತಿಗೆ, ಹೆಂಡತಿ ಇಲ್ಲದಿದ್ದರೆ ಮಕ್ಕಳಲ್ಲಿ ದೊಡ್ಡವರಿಗೆ. ಹೆಂಗಸು ಕೂಲಿಗೆ ಹೋದರೆ ಅವಳದು ಗಂಡನಿಗೆ ಬರುತ್ತದೆ, ಅದಕ್ಕೇ ನಮ್ಮೂರ ಗಂಡಸರು ಹೆಂಡತಿಯರನ್ನು ಕೂಲಿಗೆ ಕಳಿಸುವುದಿಲ್ಲ. ಅವಳು ಮನೆಯಲ್ಲಿ ರುಬ್ಬಿದ್ದು, ಒಗೆದದ್ದು, ನೀರು ಹೊತ್ತದ್ದು ಮಾತ್ರ ಎಲ್ಲಿಗೂ ಹೋಗದೆ ಅವಳಲ್ಲೇ ಉಳಿಯುತ್ತದೆ. ಯಾಕೆ ಹಾಗೆ ಎಂದು ಚಿಕ್ಕವನಿದ್ದಾಗ ಅಪ್ಪನನ್ನು ಕೇಳಿದ್ದೆ. ಅದು ಕೆಲಸ ಅಲ್ಲವಲ್ಲ ಎಂದಿದ್ದ.

ನನ್ನ ಹೆಸರು ಪಾಲಯ್ಯ. ಉಪ್ಪಿನ ಗೋದಾಮಿನಲ್ಲಿ ಇಪ್ಪತ್ತು ವರ್ಷ ಹಮಾಲಿ ಮಾಡಿದವನು. ಗೋದಾಮಿನಿಂದ ರೈಲು ಡಬ್ಬಿಗೆ ದಿನಕ್ಕೆ ಎಂಬತ್ತು ಮೂಟೆ, ಒಂದೊಂದೂ ಮುಕ್ಕಾಲು ಕ್ವಿಂಟಾಲು. ಸಂಜೆ ಕೈಕಾಲು ತೊಳೆದರೆ ಮುಗಿಯಿತು, ಬೆಳಿಗ್ಗೆ ಮದುವೆಗೆ ಹೊರಟವನ ಹಾಗೆ ಹೊರಡುತ್ತಿದ್ದೆ. ನನಗೆ ಸೊಂಟ ಎನ್ನುವುದೊಂದು ಇದೆ ಎಂದು ಪಂಚೆ ಕಟ್ಟುವಾಗ ಬಿಟ್ಟರೆ ನೆನಪಾಗುತ್ತಿರಲಿಲ್ಲ. ಹೊತ್ತ ಕೆಲಸಕ್ಕೆ ಕೂತ ಕೆಲಸದ ಎರಡರಷ್ಟು ಸಂಬಳ. ಅಷ್ಟೂ ಕೊಡದಿದ್ದರೆ ಹಮಾಲರ ಮನೆಗೆ ಯಾರು ಹೆಣ್ಣು ಕೊಡುತ್ತಾರೆ.

ಕೊನೆಗೆ ನನ್ನನ್ನು ಒಪ್ಪಿದವಳು ನನ್ನ ಅಕ್ಕನ ಮಗಳು ಸಣ್ಣೀರಮ್ಮ. ಅಕ್ಕ ಬಾಯಿ ಬಡಿದುಕೊಂಡಳು. “ನಿನ್ನ ಮೂಟೆ ನನ್ನ ಮಗಳ ಬೆನ್ನಿಗೇನೋ?” ಎಂದು ಜಗಳಕ್ಕೆ ಬಂದಳು. ಸಣ್ಣೀರಮ್ಮನೇ ತಾಯಿಯನ್ನು ಸುಮ್ಮನಾಗಿಸಿದಳು. “ಬೆನ್ನು ನೋವು ಬೆಳಗಾದ್ರೆ ಇಳೀತದೆ ಕಣವ್ವ, ಹಸಿವು ಇಳಿಯಲ್ಲ. ಹೊತ್ತೋನ ಮನೇಲಿ ಹೊಟ್ಟೆಗಾದ್ರೂ ಐತೆ” ಎಂದಳು. ಆಗ ಅವಳಿಗೆ ಹತ್ತೊಂಬತ್ತು ವರ್ಷ. ನನ್ನನ್ನು ಮಾವ ಎಂದೇ ಕರೆಯುತ್ತಿದ್ದಳು, ಕೊನೆಯವರೆಗೂ ಹಾಗೆಯೇ ಕರೆದಳು.

ಹಮಾಲರ ಓಣಿಯಲ್ಲಿ ಸಂಜೆಯಾದರೆ ಬಿಸಿ ಹರಳೆಣ್ಣೆಯ ವಾಸನೆ. ಮನೆಗೆ ಬಂದ ಗಂಡಸು ಮೊದಲು ಎಣ್ಣೆ ಬಟ್ಟಲು ಹಿಡಿದು ಕೂರಬೇಕು, “ಇವತ್ತು ಎಲ್ಲಿ?” ಎಂದು ಕೇಳಬೇಕು, ಅವಳು ತೋರಿಸಿದಲ್ಲಿ ತಿಕ್ಕಬೇಕು. ಕುಡಿದು ಬಂದವನೂ ಇದನ್ನು ತಪ್ಪಿಸುವಂತಿಲ್ಲ, ತಪ್ಪಿಸಿದರೆ ಓಣಿಯೇ ಉಗಿಯುತ್ತದೆ. ನಲ್ಲಿ ಹತ್ತಿರ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೂ ಇದನ್ನೇ. ನಮ್ಮೋನು ಇವತ್ತು ಎಡಭುಜ ಹಾಕವ್ನೆ, ನಮ್ಮೋನು ಮಧ್ಯಾಹ್ನದಿಂದ ಖಾಲಿ ಕೂತವ್ನೆ, ಹೀಗೆ. ಪಕ್ಕದ ಮನೆಯ ಕೆಂಚಪ್ಪ ಒಮ್ಮೆ ಕೆಲಸಕ್ಕೆ ಚಕ್ಕರ್ ಹೊಡೆದು ಇಸ್ಪೀಟು ಆಡಿಕೊಂಡು ಬಂದು, ಅಬ್ಬಬ್ಬಾ ಇವತ್ತು ಸಾಕಾಯಿತು ಎಂದನಂತೆ. ಅವನ ಹೆಂಡತಿ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ದಿನವಿಡೀ ಅವಳ ಮೈಯಲ್ಲಿ ಒಂದು ಚಳುಕೂ ಇರಲಿಲ್ಲ.

ನಗುತ್ತಿದ್ದೆವು. ನಗುವುದನ್ನು ಬಿಟ್ಟು ಇನ್ನೇನು ಮಾಡುವುದು. ನಮ್ಮ ಓಣಿಯ ಹೆಂಗಸರು ನಲವತ್ತಕ್ಕೇ ಬಾಗುತ್ತಿದ್ದರು. ಮೇಸ್ತ್ರಿ ರುದ್ರಮುನಿಯ ಹೆಂಡತಿ ಮಾತಾಡುವಾಗ ನಮ್ಮ ಮುಖ ನೋಡುತ್ತಿರಲಿಲ್ಲ, ನಮ್ಮ ಪಾದ ನೋಡಿ ಮಾತಾಡುತ್ತಿದ್ದಳು, ಅಷ್ಟು ಬಾಗಿದ್ದಳು. ಆದರೂ ಎಂಬತ್ತರವರೆಗೆ ಬದುಕುವವರು ಅವರೇ. ಇದನ್ನು ನಾನು ಆಗ ಗಮನಿಸಲಿಲ್ಲ. ಕಣ್ಣಿಗೆ ಬಿದ್ದದ್ದು ಬಾಗಿದ ಬೆನ್ನು ಮಾತ್ರ.

ನನ್ನ ಮಗಳು ನೀಲಾಗೆ ಒಂಬತ್ತು ವರ್ಷವಾಗಿದ್ದಾಗ ಒಂದು ದಿನ ರುದ್ರಮುನಿ ಪಂದ್ಯ ಕಟ್ಟಿದ. ಎರಡು ಮೂಟೆ ಒಟ್ಟಿಗೆ ಹೊತ್ತು ಡಬ್ಬಿಯ ಹಲಗೆ ಹತ್ತಿದವನಿಗೆ ಒಂದು ಹುಂಜ. ನನಗೇನು, ನೋವೇ ಬೇನೆಯೇ. ಒಂದಲ್ಲ, ಮೂರು ಸಲ ಹತ್ತಿದೆ. ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಓಣಿಗೆ ಬಂದರೆ ನಲ್ಲಿ ಹತ್ತಿರ ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿ ನನ್ನನ್ನು ನೋಡಿದರು. ಸಣ್ಣೀರಮ್ಮ ಕೊಡ ಎತ್ತುವಾಗ ಹಾಗೆಯೇ ಮುಂದಕ್ಕೆ ಬಿದ್ದಿದ್ದಳು. ಮುಂದಿನ ಎರಡು ಹಲ್ಲು ನಲ್ಲಿ ಕಟ್ಟೆಗೆ ಹೊಡೆದು ಹೋಗಿದ್ದವು. ನಾಲ್ಕು ಜನ ಎತ್ತಿ ತಂದು ಚಾಪೆಯ ಮೇಲೆ ಮಲಗಿಸಿದ್ದರು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಹುಂಜವನ್ನು ನೋಡಿದಳು.

“ಎಷ್ಟು ತೂಗ್ತದೆ ಮಾವ ಅದು?” ಎಂದಳು.

ನನಗೆ ಎಲ್ಲಿಯಾದರೂ ಹೋಗಿ ಸಾಯೋಣ ಎನ್ನಿಸಿತು. ನೀಲಾ ಮೂಲೆಯಲ್ಲಿ ಕೂತು, ಒರೆಸಿದ ಆ ಎರಡು ಹಲ್ಲನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಮರುದಿನ ನಾನು, “ಒಲೆ ಬೇರೆ ಮಾಡ್ಬಿಡಾಣ ಕಣೇ. ನಾನು ಹೊರಗೆ ಮೂರು ಕಲ್ಲಿಟ್ಟು ಬೇಯಿಸ್ಕೋತೀನಿ. ನನ್ನದು ನನ್ನಲ್ಲೇ ಇರ್ಲಿ” ಎಂದೆ. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. “ಒಲೆ ಬೇರೆ ಮಾಡೋದು ಗಂಡನ್ನ ಬಿಟ್ಟೋರು. ನಾನು ನಿನ್ನ ಬಿಟ್ಟಿದೀನಾ? ಬೆನ್ನು ಮುರಿದ್ರೆ ಮುರೀಲಿ, ಆ ಮಾತು ಇನ್ನೊಂದ್ಸಲ ಆಡ್ಬೇಡ” ಎಂದಳು. ಸತ್ಯ ಹೇಳುತ್ತೇನೆ, ಅವಳು ಒಪ್ಪದಿದ್ದುದಕ್ಕೆ ನನಗೆ ಒಳಗೊಳಗೇ ಸಮಾಧಾನವಾಯಿತು. ಎಡವಿದ್ದು ಗೊತ್ತಿತ್ತು, ಚೇಳು ಕುಟುಕಿದ್ದು ಗೊತ್ತಿತ್ತು, ದುಡಿಮೆಯ ನೋವು ಹೇಗಿರುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಹೆದರಿಕೆ ಹೆಚ್ಚು.

ಹಾಗೆ ನಾನು ಕೂತ ಕೆಲಸ ಹುಡುಕಿದೆ. ಏಳನೇ ಇಯತ್ತೆ ಪಾಸಾಗಿದ್ದೆ, ಅಕ್ಷರ ದುಂಡಗಿತ್ತು. ಗೋದಾಮಿನ ಕಚೇರಿಯಲ್ಲಿ ಹೆಡ್ ಗುಮಾಸ್ತರಾದ ಶ್ರೀಪಾದರಾಯರಿಗೆ ರಹದಾರಿ ಚೀಟಿ ಬರೆಯಲು ಒಬ್ಬ ಬೇಕಾಗಿದ್ದ. ಡಬ್ಬಿಯ ನಂಬರು, ಮೂಟೆ ಎಷ್ಟು, ಯಾವ ಊರಿಗೆ, ಇಷ್ಟೇ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಇದನ್ನೇ ಬರೆಯಬೇಕು. ರಾಯರು ಮಾತ್ರ ಯಾಕೋ ನಿಂತುಕೊಂಡೇ ಬರೆಯುತ್ತಿದ್ದರು, ಅವರ ಮೇಜಿಗೆ ಎತ್ತರದ ಕಾಲು ಹಾಕಿಸಿದ್ದರು.

“ಕೂತ ಕೆಲಸ ಸುಲಭ ಅಂದುಕೊಂಡಿದ್ದೀಯೇನಯ್ಯಾ? ಸಂಬಳ ಅರ್ಧ” ಎಂದರು.

“ಅರ್ಧವಾದ್ರೂ ಆಗ್ಲಿ ರಾಯರೇ. ಮನೇಲಿ ಅವಳಿಗೆ ಆರಾಮಾಗ್ತದಲ್ಲ” ಎಂದೆ.

ಅವರು ಏನೋ ಹೇಳುವವರಂತೆ ಕಂಡರು. ಆಮೇಲೆ ಪೆನ್ನು ಕೊಟ್ಟು ಕುರ್ಚಿ ತೋರಿಸಿದರು.

ಮೊದಲ ದಿನ ಸಂಜೆ ಎಣ್ಣೆ ಬಟ್ಟಲು ಹಿಡಿದು ಕೂತು ಎಂದಿನಂತೆ ಕೇಳಿದೆ. ಸಣ್ಣೀರಮ್ಮ ಭುಜ ಮುಟ್ಟಿ ನೋಡಿಕೊಂಡಳು, ಸೊಂಟ ಮುಟ್ಟಿ ನೋಡಿಕೊಂಡಳು, ಎಲ್ಲೋ ಇಟ್ಟ ಬೀಗದ ಕೈ ಹುಡುಕುವವರ ಹಾಗೆ. “ಎಲ್ಲೂ ಇಲ್ಲ ಮಾವ” ಎಂದಳು. ಎಂದವಳೇ ಅಳತೊಡಗಿದಳು. ನಾನೂ ಅತ್ತೆ. ನೀಲಾ ಇಬ್ಬರನ್ನೂ ನೋಡಿ ನಕ್ಕಳು. ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಹಬ್ಬ. ಬಾಡಿನ ಸಾರು ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆಯಾಯಿತು, ನೀಲಾಗೆ ಎರಡು ಲಂಗದ ಬದಲು ಒಂದು, ಆದರೂ ಹಬ್ಬವೇ. ಸಣ್ಣೀರಮ್ಮ ನಡೆದುಕೊಂಡೇ ತವರಿಗೆ ಹೋಗಿ ಬಂದಳು. ಹಾಡು ಹೇಳಿಕೊಂಡು ಅಡಿಗೆ ಮಾಡುತ್ತಿದ್ದಳು. ಅವಳಿಗೆ ಹಾಡು ಬರುತ್ತದೆಂದು ಮದುವೆಯಾದ ಹದಿನೇಳು ವರ್ಷಕ್ಕೆ ನನಗೆ ಗೊತ್ತಾಯಿತು. “ಅರ್ಧ ಹೊಟ್ಟೆ ಉಂಡ್ರೂ ನೆಟ್ಟಗೆ ನಿಂತ್ಕೊಂಡು ಉಣ್ತೀನಿ ಮಾವ” ಎನ್ನುತ್ತಿದ್ದಳು. ರುದ್ರಮುನಿ ದಾರಿಯಲ್ಲಿ ಸಿಕ್ಕಾಗಲೆಲ್ಲ, “ಏನ್ ಗುಮಾಸ್ತರೇ, ಕುರ್ಚಿಗೆ ಬೇರು ಬಿಟ್ರಾ?” ಎಂದು ಕಾಲೆಳೆಯುತ್ತಿದ್ದ. ಎಳೆಯಲಿ ಎಂದು ನಾನು ಮೀಸೆ ತಿರುವಿಕೊಂಡು ಹೋಗುತ್ತಿದ್ದೆ.

ದಿನವೂ ಕೇಳುತ್ತಿದ್ದೆ, ದಿನವೂ ಎಲ್ಲೂ ಇಲ್ಲ ಎನ್ನುತ್ತಿದ್ದಳು. ಮೂರನೇ ವರ್ಷಕ್ಕೆ ಕೇಳುವುದನ್ನು ಬಿಟ್ಟೆ. ಎಣ್ಣೆ ಬಟ್ಟಲು ಅಟ್ಟ ಸೇರಿತು. ಮೈ ತುಂಬಿಕೊಂಡಳು. ನಾನು ಕಚೇರಿಯಲ್ಲಿ ಕೂತಷ್ಟೂ ಅವಳು ಮನೆಯಲ್ಲಿ ಊದುತ್ತಿದ್ದಳು. “ಸುಖ ಕಣೇ” ಎಂದೆ. ಅವಳೂ ಹೌದೆಂದು ನಕ್ಕಳು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು, ಬಟ್ಟೆ ಮಡಿಚುತ್ತ ಕೂತಲ್ಲೇ ತೂಕಡಿಸುತ್ತಿದ್ದಳು, ಕೊಡದ ನೀರನ್ನೆಲ್ಲ ತಾನೇ ಕುಡಿಯುತ್ತಿದ್ದಳು. ಇದೆಲ್ಲ ನನ್ನ ಕಣ್ಣಮುಂದೆಯೇ ಆಯಿತು. ಆದರೆ ನಮ್ಮೂರಿನವರಿಗೆ ಗೊತ್ತಿದ್ದದ್ದು ಒಂದೇ ಪ್ರಶ್ನೆ. ನೋವಿಲ್ಲ ಎಂದರೆ ಆಯಿತು, ಮುಂದಕ್ಕೆ ಏನು ಕೇಳಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ಗುಮಾಸ್ತರ ಓಣಿಯಲ್ಲಿ ಹೆಂಗಸರು ನಲವತ್ತು ನಲವತ್ತೈದಕ್ಕೆ ಸದ್ದಿಲ್ಲದೆ ಹೋಗಿಬಿಡುತ್ತಿದ್ದರು. ಹೆಣದ ಹಿಂದೆ ಹೋಗುವಾಗ ನಾವು ಹಮಾಲರು, ಪುಣ್ಯವಂತೆ, ಒಂದು ದಿನ ನರಳಲಿಲ್ಲ ಎಂದು ಹೊಟ್ಟೆಕಿಚ್ಚು ಪಡುತ್ತಿದ್ದೆವು. ಎಂಥ ಕತ್ತೆಗಳು ನಾವು.

ಆರನೇ ವರ್ಷ ಒಂದು ಭಾನುವಾರ, ನೀಲಾ ಕಸ ಗುಡಿಸುತ್ತಿದ್ದವಳು ಅಲ್ಲೇ ನಿಂತು ನನ್ನನ್ನು ಕರೆದಳು. ಬಚ್ಚಲಿನಿಂದ ಒಲೆಯವರೆಗೆ ನೆಲದ ಮೇಲೆ ರಕ್ತದ ಗುರುತು. ಸಣ್ಣೀರಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಕಾಲು ಎತ್ತಿ ನೋಡಿದರೆ ಹಿಮ್ಮಡಿಯಲ್ಲಿ ತುಕ್ಕು ಹಿಡಿದ ಮೊಳೆ ಪೂರ್ತಿ ಇಳಿದಿತ್ತು. “ಅಯ್ಯೋ, ಇದ್ಯಾವಾಗ ಚುಚ್ತೋ” ಎಂದು ಅವಳೇ ಬೆರಗಾಗಿ ನೋಡಿದಳು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಡಾಕ್ಟರಮ್ಮ ಅವಳ ರಕ್ತ ನೋಡಿದರು, ಎದೆ ನೋಡಿದರು. ಆಮೇಲೆ ಅವಳನ್ನು ಬಿಟ್ಟು ನನ್ನನ್ನು ಕೇಳತೊಡಗಿದರು.

“ಕೂತು ಎಷ್ಟು ವರ್ಷ ಆಯ್ತು?”

“ಆರು.”

“ಮಧ್ಯೆ ಎದ್ದು ಓಡಾಡ್ತೀರಾ?”

“ಚೀಟಿ ಬರೆಯೋನು ಎದ್ದು ಎಲ್ಲಿಗೆ ಹೋಗ್ಲಿ ತಾಯೀ. ಆದ್ರೆ ಇವಳಿಗೆ ಒಂದು ದಿನಾನೂ ನೋವು ಅಂತ ಬಂದಿಲ್ಲ.”

“ನೋವು ಗೊತ್ತಾಗೋ ನರಾನೇ ಸತ್ತಿದೆ, ಎಲ್ಲಿಂದ ಬರುತ್ತೆ? ಸಕ್ಕರೆ ಕಾಯಿಲೆ. ಎದೆನೂ ಸೋತಿದೆ.”

“ಹಂಗಾದ್ರೆ ನಾಳೆಯಿಂದ್ಲೇ ಮೂಟೆಗೆ ಹೋಗ್ತೀನಿ.”

“ಈಗ ನೀವು ಮೂಟೆ ಎತ್ತಿದ್ರೆ ಇವರ ಎದೆ ನಿಲ್ಲುತ್ತೆ.”

“ಕೂತ್ರೆ?”

ಆಕೆ ಮಾತ್ರೆಯ ಚೀಟಿ ಬರೆಯುತ್ತಲೇ ಹೇಳಿದರು. “ಕೂತ್ರೂ ನಿಲ್ಲುತ್ತೆ. ಸ್ವಲ್ಪ ನಿಧಾನ. ನಡೀರಿ, ಎಷ್ಟಾಗುತ್ತೋ ಅಷ್ಟು ನಡೀರಿ.”

ನಾನು ನಡೆದೆ. ಬೆಳಿಗ್ಗೆ ಗೋದಾಮಿನ ಸುತ್ತ ಹನ್ನೆರಡು ಸುತ್ತು, ಮಧ್ಯಾಹ್ನ ಬುತ್ತಿ ಬಿಚ್ಚದೆ ನಡೆದೆ, ಸಂಜೆ ಊರಿನ ಗಡಿಗೆ ಹೋಗಿ ಬಂದೆ. ಕಚೇರಿಯಲ್ಲಿ ಕುರ್ಚಿ ಪಕ್ಕಕ್ಕೆ ಸರಿಸಿ ನಿಂತು ಬರೆಯತೊಡಗಿದೆ. ರಾಯರು ಅದನ್ನು ನೋಡಿ, “ನಾನೂ ಹೀಗೆ ನಡೆದೆ, ಮೊದಲನೇ ಹೆಂಡತಿಗೆ. ಎರಡನೆಯವಳಿಗೂ ನಡೆದೆ” ಎಂದರು. ನನಗೆ ರೇಗಿಹೋಯಿತು. “ಗೊತ್ತಿದ್ದೂ ಅವತ್ತು ಒಂದು ಮಾತು ಹೇಳ್ಲಿಲ್ವಲ್ಲ ರಾಯರೇ” ಎಂದು ಮೇಜು ಗುದ್ದಿದೆ. ಅವರು ಬೇಸರಿಸಿಕೊಳ್ಳಲಿಲ್ಲ. “ನೀನು ಅವಳ ನೋವು ತಪ್ಪಿಸಬೇಕು ಅಂತ ಬಂದಿದ್ದೆ. ತಪ್ಪಿತು. ಹೇಳಿದ್ದರೆ ವಾಪಸ್ಸು ಹೋಗಿ ಅವಳ ಬೆನ್ನು ಮುರೀತಿದ್ದೆಯಾ?” ಎಂದರು. ನಾನು ಪೆನ್ನು ತೆಗೆದುಕೊಂಡು ನಿಂತಲ್ಲೇ ಮುಂದಿನ ಚೀಟಿ ಬರೆದೆ.

ನಾನು ನಡೆದದ್ದರಿಂದ ಅವಳ ಮುಖಕ್ಕೆ ಒಂದಿಷ್ಟು ಕಳೆ ಬಂದ ಹಾಗಿತ್ತು. ನಾಲ್ಕು ತಿಂಗಳು ಹಾಗೆ ಕಳೆಯಿತು. ಒಂದು ಮಂಗಳವಾರ ಹನ್ನೊಂದು ಗಂಟೆಗೆ ಚೀಟಿ ಬರೆಯುತ್ತಿದ್ದಾಗ ಕಿಟಕಿಯ ಆಚೆ ನೀಲಾ ಬಂದು ನಿಂತಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಅಪ್ಪಾ, ಅವ್ವ ಅಕ್ಕಿ ಆರಿಸ್ತಾ ಇದ್ಳು. ಮೊರ ತೊಡೆ ಮೇಲೇ ಐತೆ. ಕರೆದ್ರೆ ಮಾತಾಡ್ತಿಲ್ಲ” ಎಂದಳು.

ನನಗೆ ಅರ್ಥವಾಯಿತು. ಅರ್ಥವಾದ ಮೇಲೂ ಕೈ ಆ ಡಬ್ಬಿಯ ನಂಬರು ಪೂರ್ತಿ ಬರೆದು ಮುಗಿಸಿತು. ಆರು ವರ್ಷದ ಅಭ್ಯಾಸ. ಆ ಕೈಯನ್ನು ಕಡಿದು ಹಾಕಬೇಕು ಎಂದು ಎಷ್ಟೋ ಸಲ ಅನ್ನಿಸಿದೆ.

ಹಮಾಲರ ಓಣಿಯವರೆಲ್ಲ ಮಣ್ಣಿಗೆ ಬಂದರು. ರುದ್ರಮುನಿಯ ಹೆಂಡತಿ ಕೋಲೂರಿಕೊಂಡು ಬಂದು, ನೆಲ ನೋಡುತ್ತ, “ಪುಣ್ಯವಂತೆ ಕಣಪ್ಪಾ” ಎಂದಳು. ಅರವತ್ತಾರು ವರ್ಷದ ಮುದುಕಿ, ಇಪ್ಪತ್ತು ವರ್ಷದಿಂದ ಆಕಾಶ ನೋಡಿಲ್ಲ, ಇನ್ನೂ ಹದಿನೈದು ವರ್ಷ ಗಟ್ಟಿಯಾಗಿ ಇರುತ್ತಾಳೆ. ನನ್ನವಳು ನಲವತ್ತೆರಡಕ್ಕೆ ನೆಟ್ಟಗೆ ಹೋದಳು. ಇದರಲ್ಲಿ ಯಾವುದು ಮೇಲು ಎಂದು ಈಗ ಯಾರನ್ನು ಕೇಳಲಿ. ಹೇಳಬೇಕಾದವಳು ಅವಳೊಬ್ಬಳೇ. ಆ ಮಾತನ್ನು ನಾನು ಅವಳನ್ನು ಒಮ್ಮೆಯೂ ಕೇಳಲಿಲ್ಲ. ಹೊರುವಾಗಲೂ ಕೂರುವಾಗಲೂ ನಾನೇ ತೂಗಿ ನೋಡಿದೆ, ನಾನೇ ನಿರ್ಧರಿಸಿದೆ.

ತಿಥಿ ಮುಗಿಸಿ ಕಚೇರಿಗೆ ಹೋಗತೊಡಗಿದ ಮೂರನೇ ದಿನ. ನೀಲಾ ಸ್ಕೂಲಿನಿಂದ ಬಂದವಳು ಹೊಸ್ತಿಲಲ್ಲಿ ಕೂತು ಪಾದವನ್ನು ನೆಲಕ್ಕೆ ಬಡಿಯುತ್ತಿದ್ದಳು. ಏನಾಯಿತು ಎಂದೆ. “ಏನಿಲ್ಲಪ್ಪ, ಕಾಲು ಜುಮ್ ಅಂತದೆ” ಎಂದಳು. ನನ್ನ ಕೂತ ಕೆಲಸ ಅವಳ ಮೈಗೆ ದಾಟಿತ್ತು. ಅವಳಿಗೆ ಹದಿನೈದು ವರ್ಷ. ನಾನು ಆಗಲೇ ಹಿತ್ತಲಿಗೆ ಹೋಗಿ ಮೂರು ಕಲ್ಲು ತಂದು ಜೋಡಿಸಿದೆ, ಒಂದು ಪಾತ್ರೆ, ಒಂದು ತಟ್ಟೆ, ಒಂದು ಲೋಟ ಬೇರೆ ತೆಗೆದುಕೊಂಡೆ. ಅವಳು ಬಾಗಿಲಿಗೆ ಬಂದು ನಿಂತಳು.

“ನಾನೇನ್ ತಪ್ಪು ಮಾಡ್ದೆ ಅಪ್ಪಾ?”

“ತಪ್ಪಿಲ್ಲ ಕಣವ್ವ. ಒಳಗಿನ ಒಲೆ ನಿಂದು, ಇದು ನಂದು. ನೀನು ನನ್ನ ಪಾತ್ರೆಗೆ ಕೈ ಹಾಕ್ಬೇಡ, ನಾನು ನಿನ್ನದಕ್ಕೆ ಹಾಕಲ್ಲ. ಒಂದು ತುತ್ತು ಅಂದ್ರೆ ಒಂದು ತುತ್ತೂ ಬೇಡ.”

“ಅವ್ವ ಇದ್ದಿದ್ರೆ ಒಪ್ತಿದ್ಳಾ?”

“ಅವಳು ಒಪ್ಲಿಲ್ಲ, ಅದಕ್ಕೇ ಹೋದ್ಳು” ಎಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುವಾರ ಕಚೇರಿ ಬಿಟ್ಟೆ. ನೀಲಾಳನ್ನು ಓದಿಸಬೇಕು, ಅರ್ಧ ಸಂಬಳ ಸಾಲದು, ಇದು ಒಂದು ಕಾರಣ. ಇನ್ನೊಂದು, ನೋವಾದರೆ ಗೊತ್ತಾದರೂ ಆಗುತ್ತದೆ ಎಂಬುದು. ನನ್ನದು ನನಗೇ ಬರುವುದಾದರೆ ಬರಲಿ, ಕೂಗಿಕೊಂಡು ಬರಲಿ. ರುದ್ರಮುನಿ ನನ್ನ ನರೆತ ತಲೆ ನೋಡಿ ತಲೆಯಲ್ಲಾಡಿಸಿದ. “ನಲವತ್ತೈದಾಯ್ತಲ್ಲೋ ಪಾಲಯ್ಯ, ಆದೀತಾ?” ಎಂದ. ಆಗಬೇಕು ಎಂದೆ.

ಮೊದಲನೇ ಮೂಟೆ ಬೆನ್ನಿಗೆ ಇಳಿಯಿತು. ಹಲಗೆಯ ಅರ್ಧಕ್ಕೆ ಬರುವಷ್ಟರಲ್ಲಿ ಏನೋ ಆಯಿತು. ಯಾರೋ ಹಿಂದಿನಿಂದ ಸೊಂಟಕ್ಕೆ ಬಿಸಿ ಸಲಾಕೆ ಇಟ್ಟರು ಎಂದು ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಹತ್ತನೇ ಮೂಟೆಗೆ ಕಣ್ಣು ಕತ್ತಲೆ ಬಂತು. ಮೂವತ್ತಕ್ಕೆ ಕತ್ತು ಯಾವ ಕಡೆಗೂ ತಿರುಗದಾಯಿತು. ಮಧ್ಯಾಹ್ನ ಗೋಡೆಗೆ ಒರಗಿ ಕೂತು ಲೆಕ್ಕ ಹಾಕಿದೆ. ಈ ಹೊತ್ತಿಗೆ ಅವಳು ಒಗೆಯುವ ಕಲ್ಲಿನ ಹತ್ತಿರ ಇರುತ್ತಿದ್ದಳು. ಈ ಸೊಂಟ ಇಟ್ಟುಕೊಂಡು ಬಗ್ಗಿ ಒಗೆಯುತ್ತಿದ್ದಳು. ಈ ಭುಜದಲ್ಲಿ ಕೊಡ ಹೊರುತ್ತಿದ್ದಳು. ಬಸುರಿಯಾಗಿದ್ದಾಗಲೂ ನಾನು ಒಂದು ಮೂಟೆ ಕಡಿಮೆ ಹೊತ್ತವನಲ್ಲ. ಸಂಜೆ ನಾನು ಕೇಳಿದಾಗ ಯಾವುದೋ ಒಂದು ಜಾಗ ತೋರಿಸಿ ಸಾಕು ಎನ್ನುತ್ತಿದ್ದಳು. ಪೂರ್ತಿ ತೋರಿಸಿದ್ದರೆ ಆ ಎಣ್ಣೆ ಸಾಲುತ್ತಿರಲಿಲ್ಲ. ನಾನು ಅಲ್ಲಿ, ಉಪ್ಪಿನ ರಾಶಿಯ ಪಕ್ಕದಲ್ಲಿ, ಎಲ್ಲರ ಮುಂದೆ ಹೋ ಎಂದು ಅತ್ತೆ. ಸೊಂಟ ನೋವಿಗೆ ಅಳುತ್ತಿದ್ದಾನೆ ಎಂದು ಅವರು ಅಂದುಕೊಂಡರು.

ಎಂಬತ್ತು ಆಗಲಿಲ್ಲ, ಐವತ್ತಾರು ಆಯಿತು. ಗೋಡೆ ಹಿಡಿದುಕೊಂಡು ಮನೆಗೆ ಬಂದೆ. ಹಿತ್ತಲಿಗೆ ಹೋಗಿ ಮೂರು ಕಲ್ಲಿನ ಮೇಲೆ ಅನ್ನಕ್ಕಿಟ್ಟು, ಕಟ್ಟಿಗೆ ಮುಂದಕ್ಕೆ ತಳ್ಳಲೂ ಆಗದೆ ಅಲ್ಲೇ ನೆಲದ ಮೇಲೆ ಒರಗಿದೆ. ಒಂದು ಸಮಾಧಾನ ಮಾತ್ರ ಇತ್ತು. ನೀಲಾ ಒಳಗೆ ಓಡಾಡುವ ಸದ್ದು ಕೇಳುತ್ತಿತ್ತು, ಹದಿನೈದು ವರ್ಷದವರು ನಡೆಯುವ ಹಾಗೆ ಚುರುಕಾಗಿ ನಡೆಯುತ್ತಿದ್ದಳು. ಅದನ್ನೇ ಕೇಳುತ್ತ ಕಣ್ಣು ಮುಚ್ಚಿದೆ. ಬಹಳ ವರ್ಷಗಳ ಮೇಲೆ ನಾನು ಸರಿಯಾದ ಒಂದು ಕೆಲಸ ಮಾಡಿದೆ ಎನ್ನಿಸಿತು.

ಕಣ್ಣು ಬಿಟ್ಟಾಗ ಅವಳು ನನ್ನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬೆಂಕಿ ಸರಿ ಮಾಡಿ, ಅನ್ನ ಇಳಿಸಿ, ತಟ್ಟೆಗೆ ಬಡಿಸಿದ್ದಳು. ನಾನು ಏಳಲು ಹೋದೆ, ಆಗಲಿಲ್ಲ. “ಬೇಡ ಕಣವ್ವ, ನೀಲಾ, ದಮ್ಮಯ್ಯ ಬೇಡ” ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡಳು.

“ಒಬ್ನೇ ಹಿಂಗೆ ಬಿದ್ಕೊಂಡಿದ್ರೆ ನಾನು ನೋಡ್ಕೊಂಡು ಓದ್ಲಾ ಅಪ್ಪಾ?” ಎಂದಳು.

ಅಗಿದು ನುಂಗಿದಳು. ನನ್ನ ಕತ್ತು ಸಡಿಲವಾಯಿತು. ಭುಜದಿಂದ ಏನೋ ಜಾರಿತು, ಆಮೇಲೆ ಸೊಂಟದಿಂದ. ಮೈಯೆಲ್ಲ ಹೂವಿನಷ್ಟು ಹಗುರವಾಯಿತು. ಆ ಸುಖಕ್ಕೆ, ನನ್ನ ಬಾಯಿಗೆ ಮಣ್ಣು ಹಾಕ, ನನ್ನ ಬಾಯಿಂದ ಒಂದು ನಿಟ್ಟುಸಿರು ಬಂದುಬಿಟ್ಟಿತು. ನೀಲಾ ಎರಡನೇ ತುತ್ತಿಗೆ ಚಾಚಿದ ಕೈಯನ್ನು ಹಾಗೆಯೇ ನೆಲಕ್ಕೆ ಊರಿ, ತುಟಿ ಕಚ್ಚಿಕೊಂಡು, ಮೆಲ್ಲಗೆ ಮುಂದಕ್ಕೆ ಬಾಗಿದಳು.